ಹುಳಗಳ ಕಿವಿಗೆ ಅರಳೆ

"ಇನ್ನೂ ಐತಿ ಒಳಗ. ಎಳಿ," ಎಂದ ಖಾಸಿಂಸಾಬ, ಯಾರದೋ ಹಳೆಯ ಗಾದಿ ಬಿಚ್ಚಿಸುತ್ತಿರುವವನ ದನಿಯಲ್ಲಿ.

ಸಾಬೀರಾ ಎಳೆದಳು. ಗಂಡನ ಎಡಗಾಲಿನ ಹೆಬ್ಬೆರಳ ಬುಡದಿಂದ ಅರಳೆ ಬತ್ತಿಯ ಹಾಗೆ ಹೊಸೆದುಕೊಂಡು ಹೊರಗೆ ಬರುತ್ತಲೇ ಇತ್ತು. ಮೊದಲು ಬಂದದ್ದು ಬೆಳ್ಳಗಿತ್ತು. ಆಮೇಲೆ ಹಳದಿ. ಕೊನೆಗೆ ಬಂದದ್ದನ್ನು ನೋಡಿ ಮಹೆಕ ಮೂಗಿಗೆ ಒತ್ತಿಕೊಂಡಿದ್ದ ಓಡನಿಯನ್ನು ಕೈಬಿಟ್ಟಳು. ಅದು ಹಸಿರೂ ಅಲ್ಲ, ನೀಲಿಯೂ ಅಲ್ಲ. ವಾಸನೆಯೊಂದು ಇಲ್ಲದಿದ್ದರೆ ನವಿಲಿನ ಕತ್ತಿನ ಬಣ್ಣ ಎನ್ನಬಹುದಿತ್ತು. ವಾಸನೆಯೂ ವಿಚಿತ್ರವಾಗಿ ಸಿಹಿಯಾಗಿತ್ತು, ಬುಟ್ಟಿಯ ತಳದಲ್ಲಿ ಹಳಸಿದ ದ್ರಾಕ್ಷಿಯಂತೆ.

ಧಾರವಾಡದ ಪ್ರಯೋಗಾಲಯದಲ್ಲಿ ಆ ಬಣ್ಣವನ್ನು ಮಹೆಕ ವರ್ಷಗಟ್ಟಲೆ ಗಾಜಿನ ತಟ್ಟೆಗಳಲ್ಲಿ ನೋಡುತ್ತ ಬಂದಿದ್ದಳು. ಅಲ್ಲಿ ಅದು ಚೆಲುವಾಗಿತ್ತು. ಒಂದೊಂದೇ ಇರುವಾಗ ಆ ಬ್ಯಾಕ್ಟೀರಿಯಾಗಳು ಈ ಬಣ್ಣವನ್ನು ಮಾಡುವುದಿಲ್ಲ. ಪ್ರತಿಯೊಂದೂ ಒಂದು ಸಣ್ಣ ಅಣುವನ್ನು ಹೊರಗೆ ಬಿಡುತ್ತ ಕಾಯುತ್ತದೆ. ಸುತ್ತಲೂ ಆ ಅಣು ದಟ್ಟವಾಯಿತೆಂದರೆ ಮಂದಿ ಸೇರಿತು ಎಂದು ಅದಕ್ಕೆ ತಿಳಿಯುತ್ತದೆ. ಆಮೇಲೆ ಎಲ್ಲವೂ ಕೂಡಿ ಲೋಳೆಯ ಪೊರೆ ಕಟ್ಟುತ್ತವೆ, ವಿಷ ಬಿಡುತ್ತವೆ, ಈ ಬಣ್ಣ ಉಕ್ಕಿಸುತ್ತವೆ. ದೊಡ್ಡಪ್ಪನ ಕಾಲಿನಲ್ಲಿ ಮಂದಿ ಸೇರಿ ಬಹಳ ಕಾಲವಾಗಿತ್ತು.

"ಏನಿದು ದೊಡ್ಡಪ್ಪಾ? ಗಾಯದಾಗ ಅರಳಿ ತುರುಕಾಕ ಯಾರ ಹೇಳಿದ್ರು ನಿನಗ?"

ಖಾಸಿಂಸಾಬ ಆಕೆಯ ಮುಖ ನೋಡಿದ. ಆ ನೋಟದಲ್ಲಿ ಅಳುಕು ಇರಲಿಲ್ಲ. ಪಾಠ ಒಪ್ಪಿಸಿದ ಹುಡುಗ ಶಾಬಾಸ್‌ಗಿರಿಗೆ ಕಾಯುವ ನೋಟ ಅದು.

"ನೀನಽ ಹೇಳಿದ್ದಲ್ಲವಾ," ಎಂದ.

ಬೆಟಗೇರಿಯ ಆ ಮನೆಯ ಮುಂಭಾಗವೇ ಅಂಗಡಿ. ಒಂದು ಬದಿಗೆ ಹತ್ತಿ ಹಿಂಜುವ ಯಂತ್ರ, ಇನ್ನೊಂದು ಬದಿಗೆ ಹೊಲಿದು ಮುಗಿಸಿದ ಗಾದಿಗಳ ಒಟ್ಟಿಲು. ಶಾಲೆ ಕಲಿಯಲೆಂದು ಅಪ್ಪ ಇಲಿಯಾಸ ಶಿರಹಟ್ಟಿಯಿಂದ ತಂದು ತನ್ನ ಅಣ್ಣನ ಮನೆಯಲ್ಲಿ ಬಿಟ್ಟ ಮೇಲೆ ಮಹೆಕ ಬೆಳೆದದ್ದು ಈ ಗಾದಿಗಳ ಮೇಲೆಯೇ. ಧಾರವಾಡಕ್ಕೆ ಹೋಗುವವರೆಗೂ ಆಕೆಯ ತಲೆಯಲ್ಲಿ ಹತ್ತಿಯ ಎಳೆ ಸಿಕ್ಕಿಕೊಳ್ಳದ ದಿನವಿರಲಿಲ್ಲ. ಈಗ ಖಾಸಿಂಸಾಬ ಅದೇ ಒಟ್ಟಿಲಿಗೆ ಒರಗಿ, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕಾಲು ಚಾಚಿ ಕೂತಿದ್ದ. ಗಾದಿ ಹೊಲಿಯುವ ದಬ್ಬಣದ ತುದಿ ಮುರಿದು ಯಾವಾಗಲೋ ಆ ಪಾದದೊಳಗೆ ಹೊಕ್ಕಿತ್ತು. ಬರಿಗಾಲಲ್ಲಿ ಅರಳೆ ತುಳಿಯುತ್ತ ಕೆಲಸ ಮಾಡುವ ಮನುಷ್ಯ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿ ಹೋಗಿ ಚುಚ್ಚಿದ್ದೇ ಗೊತ್ತಾಗಿರಲಿಲ್ಲ. ಗೊತ್ತಾದದ್ದು ಸಾಬೀರಾ ನೆಲ ಒರೆಸುವಾಗ ಕಂಡ ಕೆಂಪು ಹೆಜ್ಜೆಗಳಿಂದ. ಮಗ ಅನೀಸ ಹಟ ಹಿಡಿದು ಗದಗಿನ ಆಸ್ಪತ್ರೆಗೆ ಒಮ್ಮೆ ಕರೆದೊಯ್ದಿದ್ದ. ಬೆರಳು ತೆಗೆಯಬೇಕು ಎಂದು ಡಾಕ್ಟರು ಹೇಳಿದ್ದೇ ತಡ, "ನನ್ನ ಮಗಳನ್ನ ಕೇಳಿ ಹೇಳತೀನ್ರಿ" ಎಂದು ಎದ್ದು ಬಂದಿದ್ದ.

"ನಾ ಬಡಕೊಂಡ್ನೆವಾ," ಎಂದಳು ಸಾಬೀರಾ, ಹಸಿರು ಅರಳೆಯನ್ನು ಹಳೆಯ ಪೇಪರಿನಲ್ಲಿ ಸುತ್ತುತ್ತ. "ಆಸ್ಪತ್ರ್ಯಾಗ ಇದ್ದುಬಿಡ್ರಿ ಅಂತ ಬಡಕೊಂಡೆ. ನಿನ್ನ ಹೆಸರ ಹೇಳಿ ಕುಂದ್ರಿಸಿದ್ರು. ಹುಳದ ಕಿವಿ ಮುಚ್ಚಿದ್ರೋ ಇಲ್ಲೋ, ನನ್ನ ಬಾಯಿ ಮಾತ್ರ ಬರೋಬ್ಬರಿ ಮುಚ್ಚಿದ್ರು."

"ಹುಳಕ್ಕ ಕಿವಿ ಇರಂಗಿಲ್ಲ ಅಂತ ನನಗೂ ಗೊತ್ತೈತಿ," ಎಂದ ಖಾಸಿಂಸಾಬ. "ಅಷ್ಟ ದಡ್ಡ ಅಲ್ಲ ನಾ. ಆದ್ರ ಒಂದರ ಖಬರ ಇನ್ನೊಂದಕ್ಕ ಮುಟ್ಟಬಾರದು ಅಂದ್ರ ನಡುವ ಏನರ ಇರಬೇಕಲ್ಲ? ಪಿಂಜಾರ ಇದೀನಿ. ಒಂದು ದಪ್ಪನ ಗಾದಿ ಬಾಗಲಿಗೆ ನಿಲ್ಲಿಸಿದ್ರ ಆ ಕಡೆ ನಿಮ್ಮ ದೊಡ್ಡವ್ವ ಬೈದದ್ದು ಈ ಕಡೆ ಕೇಳಂಗಿಲ್ಲ. ನಿನ್ನ ಔಷಧ ಬರೂತನಕ ಇದಾದ್ರೂ ಇರಲಿ ಅಂತ ತುಂಬಿದೆ. ಜಯಧರ ಹತ್ತಿ, ಮತ್ತ. ಒಂದು ಕಸರು ಇಲ್ದಂಗ ಹಿಂಜಿದ್ದು."

ಮಹೆಕ ಎದ್ದು ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡಳು. ಆಕೆ ಏನನ್ನೂ ಮುಟ್ಟಿರಲಿಲ್ಲ. ಆದರೂ ಮೊಣಕೈವರೆಗೆ ಸಾಬೂನು ಹಚ್ಚಿ ತಿಕ್ಕಿದಳು.

ಹುಳಗಳ ಕಿವಿ ಮುಚ್ಚುತ್ತೇವೆ. ಆ ಮಾತು ಆಕೆಯದೇ.

ಎರಡು ತಿಂಗಳ ಹಿಂದೆ ಅದನ್ನು ಆಕೆ ಶಾದಿಮಹಲಿನ ವೇದಿಕೆಯ ಮೇಲೆ ನಿಂತು ಹೇಳಿದ್ದಳು. ಬೆಂಗಳೂರಿನ ಒಂದು ವಿಜ್ಞಾನ ಸಮ್ಮೇಳನದಲ್ಲಿ ಆಕೆಗೆ ಬಹುಮಾನ ಬಂದಿತ್ತು, ಪೇಪರಿನಲ್ಲಿ ಫೋಟೋ ಬಂದಿತ್ತು. ಓಣಿಯ ಹಿರಿಯರು ಸೇರಿ ಸತ್ಕಾರ ಇಟ್ಟುಕೊಂಡಿದ್ದರು. ದಾರಿಯುದ್ದಕ್ಕೂ ಆಕೆಯ ಮುಖವಿದ್ದ ಫ್ಲೆಕ್ಸು. ಹಾರದ ಮೇಲೆ ಹಾರ ಬಿದ್ದು ಗದ್ದ ಮುಚ್ಚಿಹೋಗಿತ್ತು. ಬರೆದು ತಂದಿದ್ದ ಭಾಷಣದ ಮೊದಲ ಸಾಲಿಗೇ ಮುಂದಿನ ಸಾಲಿನ ಮುದುಕರು ಆಕಳಿಸಿದರು. ಆಗ ಆಕೆ ಹಾಳೆ ಮಡಚಿಟ್ಟು ಬಾಯಿಗೆ ಬಂದಂತೆ ಹೇಳತೊಡಗಿದಳು. ರೋಗದ ಹುಳಗಳು ಒಂದಕ್ಕೊಂದು ಮಾತಾಡ್ತಾವ. ಒಂಟಿ ಇದ್ದಾಗ ಸುಮ್ನಿರ್ತಾವ, ಮಂದಿ ಕೂಡಿತಂದ್ರ ಒಮ್ಮೆಲೇ ಏಳ್ತಾವ. ಅವು ಬಿಡೂ ಅಣುವಿನಂಥದ ಇನ್ನೊಂದು ಸುಳ್ಳ ಅಣು ನಾವು ಮಾಡೀವಿ. ಅದನ್ನ ಹಾಕಿದ್ರ ಅವಕ್ಕ ಒಂದರದೊಂದು ಕೇಳಂಗಿಲ್ಲ. ನಾವು ಹುಳ ಕೊಲ್ಲಂಗಿಲ್ಲ, ಅವುಗಳ ಕಿವಿ ಮುಚ್ಚತೀವಿ.

"ನಮ್ಮ ಸೊಸಾಯಿಟಿ ಮೀಟಿಂಗ ಇದ್ದಂಗ ಆತು ಬಿಡವಾ!" ಎಂದು ಹಿಂದಿನಿಂದ ಕೂಗಿದ್ದ ಅಂದಪ್ಪ, ದೊಡ್ಡಪ್ಪನ ಗೆಳೆಯ, ಅಂತೂರ ಬೆಂತೂರದ ರೈತ. "ಕೋರಂ ತುಂಬೂತನಕ ಸುಮ್ನ ಚಾ ಕುಡಕೋತ ಕುಂದ್ರತಾವ. ತುಂಬಿದ ಕೂಡ್ಲೆ ಜಗಳ!"

ಶಾದಿಮಹಲ್ ಗೊಳ್ಳೆಂದು ನಕ್ಕಿತು. ಮಹೆಕಳಿಗೆ ಎಲ್ಲರಿಗಿಂತ ಹೆಚ್ಚು ನಗೆ ಬಂತು, ಏಕೆಂದರೆ ಆ ವಿದ್ಯಮಾನಕ್ಕೆ ವಿಜ್ಞಾನಿಗಳು ಇಟ್ಟಿರುವ ಹೆಸರಿನಲ್ಲಿಯೂ ಕೋರಂ ಎಂಬ ಮಾತೇ ಇದೆ. ತನ್ನ ಕೆಲಸ ತನ್ನವರಿಗೆ ಅರ್ಥವಾಯಿತು ಎಂಬ ಸುಖ ಆಕೆಗೆ ಹಿಂದೆಂದೂ ಸಿಕ್ಕಿರಲಿಲ್ಲ. ಆ ಸುಖದ ಭರದಲ್ಲಿಯೇ, ಸಕ್ಕರಿ ಕಾಯಿಲಿಯವರ ಗಾಯಕ್ಕ ಆಕ್ಕೈತೇನು ಎಂದು ಯಾರೋ ಕೇಳಿದಾಗ, "ಅದಕ್ಕಂತನಽ ಮಾಡಿದ್ದು. ಇನ್ನೊಂದು ವರ್ಷ ತಡೀರಿ," ಎಂದುಬಿಟ್ಟಳು. ಚಪ್ಪಾಳೆ ನಿಲ್ಲಲಿಲ್ಲ.

ಆ ಅಣು ದೇಹದಲ್ಲಿ ಬಾಳುವುದಿಲ್ಲ ಎಂಬುದು ಆಕೆಗೆ ಅದಕ್ಕೂ ಮೊದಲೇ ಗೊತ್ತಿತ್ತು. ತಟ್ಟೆಯಲ್ಲಿ ಅದು ಪವಾಡ ಮಾಡುತ್ತಿತ್ತು. ಅದರ ಹನಿ ಬಿದ್ದ ಕಡೆ ಬಣ್ಣವೇ ಏಳದೆ ಹುಣ್ಣಿಮೆಯಂಥ ಬಿಳಿ ವೃತ್ತ ಮೂಡುತ್ತಿತ್ತು. ರಕ್ತದ ದ್ರವದಲ್ಲಿ ಹಾಕಿದರೆ ಮಾತ್ರ ಅದರ ಉಂಗುರದಂಥ ರಚನೆ ಬಿಚ್ಚಿಕೊಂಡು, ಬೆಳಿಗ್ಗೆ ಹಾಕಿದ್ದು ಮಧ್ಯಾಹ್ನಕ್ಕೆ ಇಲ್ಲವಾಗುತ್ತಿತ್ತು. ಇಲಿಗಳ ಗಾಯದ ಮೇಲೆ ಹಚ್ಚಿದ್ದಕ್ಕೂ ಹಚ್ಚದ್ದಕ್ಕೂ ವ್ಯತ್ಯಾಸವಿರಲಿಲ್ಲ. ಪ್ರಯೋಗಾಲಯದಲ್ಲಿ ಇದು ನಾಚಿಕೆಯ ಮಾತಲ್ಲ. ಅಲ್ಲಿ ದಿನವೂ ಏನಾದರೊಂದು ಸೋಲುತ್ತಿರುತ್ತದೆ. ಸಂಶೋಧನೆಯ ಗೈಡು ಕನ್ನಡಕ ಒರೆಸುತ್ತ, ರಚನೆ ಸ್ವಲ್ಪ ಬದಲಿಸಿ ನೋಡೋಣ ಅನ್ನುತ್ತಾರೆ. ಶಾದಿಮಹಲಿನಲ್ಲಿ ಮಾತ್ರ ಆ ಸೋಲನ್ನು ಹಾರಗಳ ಕೆಳಗೆ ಅಡಗಿಸಿಡುವುದು ಆಕೆಗೆ ಬಹಳ ಸುಲಭವಾಯಿತು.

ವೇದಿಕೆಯಿಂದ ಇಳಿಯುವಾಗ ಖಾಸಿಂಸಾಬ ಹತ್ತಿರ ಬಂದು, "ನನ್ನಂಥಾವಂಗೂ ಹಚ್ಚತೀಯೇನವಾ?" ಎಂದು ಕೇಳಿದ್ದ. "ನಿನಗಽ ಮದಲ, ದೊಡ್ಡಪ್ಪಾ," ಎಂದು ಆಕೆ ಆತನ ಭುಜ ತಬ್ಬಿದ್ದಳು. ಆ ದಿನ ಆತನ ಒಂದು ಕಾಲಲ್ಲಿ ಚಪ್ಪಲಿ ಇತ್ತು, ಇನ್ನೊಂದಕ್ಕೆ ಬಟ್ಟೆ ಸುತ್ತಿತ್ತು ಎಂದು ಫೋನಿನಲ್ಲಿ ಅನೀಸ ಹೇಳಿದಾಗಲೇ ಆಕೆಗೆ ತಿಳಿದದ್ದು. ಆ ದಿನ ಆಕೆ ಕೆಳಗೆ ನೋಡಿಯೇ ಇರಲಿಲ್ಲ.

ಕೈ ಒರೆಸಿಕೊಂಡು ಆಕೆ ಮತ್ತೆ ಬಂದು ದೊಡ್ಡಪ್ಪನ ಎದುರು ಕುಕ್ಕರಗಾಲಲ್ಲಿ ಕೂತಳು.

"ದೊಡ್ಡಪ್ಪಾ, ನಾ ಹೇಳೋದು ಕೇಳು. ಅದು ಇನ್ನೂ ಔಷಧ ಆಗಿಲ್ಲ."

"ಗೊತ್ತೈತಿ ಬಿಡು. ಸರಕಾರದ ಪರವಾನಿಗಿ ಬೇಕು. ಮಂದಿಗೆ ಕೊಡಬ್ಯಾಡ ನೀ. ಮನ್ಯಾಗಿನ ಮನಷ್ಯಾಗ ಕೊಟ್ರ ಯಾವ ಸರಕಾರ ಬಂದು ಕೇಳತೈತಿ?"

"ಪರವಾನಿಗಿ ಮಾತಲ್ಲ. ಅದು ಮೈಯಾಗ ನಿಲ್ಲಂಗಿಲ್ಲ. ಗಾಜಿನ ತಾಟಿನ್ಯಾಗ ನಿಲ್ಲತೈತಿ, ಗಾಯದಾಗ ಹಾಕಿದ್ರ ಒಡದು ಹೋಗತೈತಿ."

"ಒಡದ್ರ ಇನ್ನೊಮ್ಮೆ ಹಾಕೂದು." ಖಾಸಿಂಸಾಬ ಇದೇನು ದೊಡ್ಡ ಮಾತು ಎಂಬಂತೆ ಕೈ ಬೀಸಿದ. "ದಿನಕ್ಕ ಮೂರ ಸಲ ಹಾಕು, ಹತ್ತ ಸಲ ಹಾಕು. ಕುಂತಲ್ಲೇ ಕುಂತೀನಿ. ನನಗೇನ ಬ್ಯಾರೆ ಕೆಲಸ?" ಆಮೇಲೆ ಹೆಂಡತಿಯ ಕಡೆ ತಿರುಗಿ ಹೆಮ್ಮೆಯಿಂದ ನಕ್ಕ. "ನೋಡಿದೀ? ಖರೇವಂದ್ರ ಕಲ್ತವರು ಹಿಂಗ. ತಮ್ಮ ಬಾಯಿಲೆ ತಾವು ದೊಡ್ಡಸ್ತಿಕಿ ಹೇಳಕೊಳ್ಳಂಗಿಲ್ಲ."

ಹೊರಗೆ ಅನೀಸ ಬೈಕಿಗೆ ಒರಗಿ ನಿಂತಿದ್ದ. ಆಕೆಗಿಂತ ಐದಾರು ವರ್ಷ ದೊಡ್ಡವನು. ಆತ ಆಕೆಯನ್ನು ನೋಡದೆ, ಎದುರಿನ ಮಗ್ಗದ ಮನೆಯ ಗೋಡೆಯನ್ನು ನೋಡುತ್ತ ಮಾತಾಡಿದ.

"ಡಾಕ್ಟರ್ ಬಾಯಾರು ಏನ ಹೇಳ್ಯಾರ, ಗೊತ್ತೇನು? ಈಗ ಬಂದ್ರ ಬೆರಳು. ತಡಾ ಮಾಡಿದ್ರ ಮೊಣಕಾಲು. ಇನ್ನೂ ತಡಾ ಮಾಡಿದ್ರ ಕರಕೊಂಡ ಬರಬ್ಯಾಡ್ರಿ ಅಂದಾರ."

"ಹೇಳಿದ್ನೆಲ್ಲ ಅನೀಸಣ್ಣಾ."

"ನೀ ಹೇಳಿದ್ದು ಕೇಳಿಸ್ತು. ಗಾಜಂತ, ತಾಟಂತ, ಒಡೀತೈತಂತ. ಹಂಗ ಹೇಳಿದ್ರ ಯಾರಿಗೆ ತಿಳೀಬೇಕು? ಸ್ಟೇಜಿನ ಮ್ಯಾಲೆ ಹೆಂಗ ಹೇಳಿದ್ದೆಲ್ಲ, ಹಂಗ ಹೇಳು. ನಾ ಅವತ್ತ ಸುಳ್ಳ ಹೇಳಿದೆ ಅಂತ ಹೇಳು. ಒಂದಽ ಮಾತು."

ಸರಿ ಎಂದು ಆಕೆ ಒಳಗೆ ಬಂದಳು. ನಾ ಸುಳ್ಳ ಹೇಳಿದೆ. ಮೂರೇ ಪದ. ನಾಲಿಗೆಯ ಮೇಲೆ ಇಟ್ಟುಕೊಂಡೇ ಹೊಸ್ತಿಲು ದಾಟಿದಳು. ಖಾಸಿಂಸಾಬ ಅಂದಪ್ಪನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ.

"ಬಂದಳಪಾ ಮಗಳು. ಧಾರವಾಡದಿಂದ ಓಡಿ ಬಂದಾಳ ನೋಡು. ಇನ್ನ ನೀ ಬ್ಯಾರೆಯವರ ಕಡೆ ಹೋಗಬ್ಯಾಡ, ನಿನ್ನ ಮಗಳ ಮದವಿ ಗಾದಿ ನಾನಽ ಹೊಲೀತೀನಿ. ಏ, ನಿಂತ ಹೊಲೀತೀನೋ, ಕುಣದ ಹೊಲೀತೀನಿ! ನಮ್ಮ ಮನ್ಯಾಗ ಡಾಕ್ಟರ್ ಅದಾಳಲೇ!"

ಫೋನ್ ಕೆಳಗಿಟ್ಟು ಆತ ಆಕೆಯನ್ನು ನೋಡಿದ. ಬಾಯಿ ತೆರೆದ ಮಹೆಕಳಿಗೆ ಆ ಮುಖದ ಎದುರು ಮೂರು ಪದಗಳಲ್ಲಿ ಒಂದೂ ನೆನಪಾಗಲಿಲ್ಲ. ಬೇರೆಯೇ ಒಂದು ಮಾತು, ಎಣ್ಣೆ ಸವರಿದ ದಬ್ಬಣದಂತೆ, ಸಲೀಸಾಗಿ ಹೊರಗೆ ಬಂತು.

"ಔಷಧ ತಂದೀನಿ, ದೊಡ್ಡಪ್ಪಾ. ಆದ್ರ ಕೆಟ್ಟ ಬೆರಳು ಇರೂತನಕ ಅದು ಹತ್ತಂಗಿಲ್ಲ. ಮದಲ ಬೆರಳ ತಗಸಬೇಕು. ಆಮ್ಯಾಲೆ ಹಚ್ಚಬೇಕು."

ಖಾಸಿಂಸಾಬ ಒಂದು ಗಳಿಗೆ ಯೋಚಿಸಿದ. "ಹಳೇ ಗಾದಿ ಇದ್ದಂಗ," ಎಂದ. "ಗಂಟುಗಟ್ಟಿದ ಹತ್ತಿ ತಗದ ಒಗದ ಮ್ಯಾಲೇನಽ ಹೊಸಾದು ತುಂಬಬೇಕು. ಹೌದಿಲ್ಲೋ?"

"ಹೂಂ."

"ಮತ್ತ ಇದನ್ನ ಮದಲಽ ಹೇಳಬಾರದೇನು ಹುಚ್ಚಿ! ಲೇ ಅನೀಸಾ, ಹನಮಂತನ ಆಟೋ ಕರಿ. ಜಲ್ದಿ."

ಅಷ್ಟು ದಿನ ಡಾಕ್ಟರು, ಹೆಂಡತಿ, ಮಗ ಯಾರು ಹೇಳಿದರೂ ಅಲುಗದ ಮನುಷ್ಯ ಅಂಗಿ ಬದಲಿಸಿ, ಟೋಪಿ ಹಾಕಿಕೊಂಡು, ಮದುವೆಗೆ ಹೊರಟವನ ಉಮೇದಿನಲ್ಲಿ ಒಂಟಿಗಾಲಲ್ಲಿ ಕುಪ್ಪಳಿಸುತ್ತ ಆಟೋ ಹತ್ತಿದ. ಅನೀಸ ಆಕೆಯ ಕಡೆ ಒಮ್ಮೆ ನೋಡಿ, ಅಪ್ಪನ ಪಕ್ಕ ಹತ್ತಿ ಕೂತ. ಬೈದಿದ್ದರೆ ಒಳ್ಳೆಯದಿತ್ತು.

ಆಪರೇಷನ್ ಕೋಣೆಯೊಳಗೆ ಹೋಗುವ ಮುನ್ನ ಖಾಸಿಂಸಾಬ ಔಷಧ ತೋರಿಸು ಎಂದ. ಆಕೆಯ ಬ್ಯಾಗಿನ ಮೂಲೆಯಲ್ಲಿ ಪ್ರಯೋಗಾಲಯದ ಒಂದು ಸಣ್ಣ ಪ್ಲಾಸ್ಟಿಕ್ ನಳಿಕೆ ಇತ್ತು. ನೀಲಿ ಮುಚ್ಚಳದ್ದು, ಖಾಲಿ. ಆಕೆ ವರಾಂಡದ ತಿರುವಿಗೆ ಹೋಗಿ, ಗಾಯ ತೊಳೆಯುವ ಸಲಾಯಿನ್ ನೀರನ್ನು ಅದಕ್ಕೆ ತುಂಬಿಕೊಂಡು ಬಂದಳು. ಆತ ಅದನ್ನು ಬೆಳಕಿಗೆ ಹಿಡಿದು ನೋಡಿದ.

"ನೀರಿದ್ದಂಗ ಐತಲ್ಲ!" ಎಂದು ಬೆರಗಾದ. "ಹೊರಗಿಂದ ನೋಡಿದ್ರ ಏನೂ ಗೊತ್ತಾಗಂಗಿಲ್ಲ ನೋಡು."

ಮೂರು ಬೆರಳು ಹೋದವು. ದಬ್ಬಣದ ತುದಿ ಸಿಕ್ಕಿತು. ಪಾದ ಉಳಿಯಿತು. ಡಾಕ್ಟರ್ ನಾಗರತ್ನಾ ಹೊರಗೆ ಬಂದು, ಇನ್ನೆರಡು ದಿನ ಬಿಟ್ಟು ಬಂದಿದ್ದರೆ ತನ್ನ ಕೈಲಿ ಏನೂ ಆಗುತ್ತಿರಲಿಲ್ಲ ಎಂದರು. ನೀವು ಓದಿದವರು ಮನೆಯಲ್ಲಿದ್ದೂ ಹೀಗೆ ಬಿಡಬಹುದೇ ಎಂದು ಬೈದರು. ಆ ಬೈಗುಳವನ್ನು ಮಹೆಕ ತಂಪು ನೀರಿನಂತೆ ಕುಡಿದಳು. ಅಷ್ಟು ದಿನದಲ್ಲಿ ಆಕೆಯ ಬಗ್ಗೆ ಯಾರಾದರೂ ಆಡಿದ ನಿಜವಾದ ಮಾತು ಅದೊಂದೇ ಇತ್ತು.

ಆಮೇಲೆ ಶುರುವಾಯಿತು ದಿನದ ನಾಟಕ. ನರ್ಸ್ ಬಂದು ಗಾಯ ತೊಳೆದು ಪಟ್ಟಿ ಕಟ್ಟಿ ಹೋದ ಮೇಲೆ ಖಾಸಿಂಸಾಬ ಕಣ್ಣು ಸನ್ನೆ ಮಾಡುತ್ತಿದ್ದ. ಮಹೆಕ ನಳಿಕೆ ತೆರೆದು ಪಟ್ಟಿಯ ಮೇಲೆ ಎರಡು ಹನಿ ಬಿಡುತ್ತಿದ್ದಳು. ಆತ ಬಿಸ್ಮಿಲ್ಲಾ ಎಂದು ಕಣ್ಣು ಮುಚ್ಚಿಕೊಳ್ಳುತ್ತಿದ್ದ.

"ತಂಪ ಆತು," ಅನ್ನುತ್ತಿದ್ದ. ಸ್ವಲ್ಪ ಹೊತ್ತು ಬಿಟ್ಟು, ದೂರದ ಸದ್ದಿಗೆ ಕಿವಿಗೊಟ್ಟವನಂತೆ ತಲೆ ವಾಲಿಸಿ, "ಈಗ ಸುಮ್ನಾದ್ವು ನೋಡು," ಅನ್ನುತ್ತಿದ್ದ.

ಗಾಯ ಮಾಯತೊಡಗಿತು. ಕೊಳೆತದ್ದು ಹೋಗಿತ್ತು, ರಕ್ತಕ್ಕೆ ಆಂಟಿಬಯಾಟಿಕ್ ಇಳಿಯುತ್ತಿತ್ತು, ಸಕ್ಕರೆ ಹತೋಟಿಗೆ ಬಂದಿತ್ತು; ಮಾಯದೆ ಏನು ಮಾಡೀತು? "ಔಷಧಿ ಚೆನ್ನಾಗಿ ಕೆಲಸ ಮಾಡಿದೆ," ಎಂದು ರೌಂಡಿಗೆ ಬಂದ ಡಾಕ್ಟರು ಹೇಳಿದ ದಿನ ಖಾಸಿಂಸಾಬ ಅವರ ಬೆನ್ನ ಹಿಂದಿನಿಂದ ಮಹೆಕಳಿಗೆ ಕಣ್ಣು ಹೊಡೆದ. ಪಾಪ, ಡಾಕ್ಟರಿಗೇನು ಗೊತ್ತು ಎಂಬ ಕರುಣೆ ಆತನ ಮುಖದಲ್ಲಿತ್ತು.

ಮಹೆಕ ಆ ದಿನಗಳಲ್ಲಿ ಊಟ ಸರಿಯಾಗಿ ಮಾಡಲಿಲ್ಲ. ಸುಳ್ಳು ಹೇಳಿ ಕಾಲು ಉಳಿಸಿದೆ, ಇದರಲ್ಲಿ ಏನು ತಪ್ಪು ಎಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಅಣುವಾದರೂ ಮತ್ತೇನು ಮಾಡುತ್ತದೆ? ಸುಳ್ಳು ಸುದ್ದಿಯಾಗಿ ಹೋಗಿ ಕೂತು ನಿಜದ ಸುದ್ದಿಗೆ ಜಾಗವಿಲ್ಲದಂತೆ ಮಾಡುತ್ತದೆ. ಜಾಣತನದ ಈ ಹೋಲಿಕೆ ಹೊಳೆದ ಕೂಡಲೇ ಆಕೆಗೆ ತನ್ನ ಮೇಲೆ ಹೇಸಿಗೆಯಾಯಿತು. ಹೋಲಿಕೆಗಳನ್ನು ಕಟ್ಟುವ ಚಟವೇ ತನ್ನನ್ನು ಇಲ್ಲಿಗೆ ತಂದು ನಿಲ್ಲಿಸಿದ್ದು. ಡಿಸ್ಚಾರ್ಜ್ ಆಗಲಿ, ಮನೆಗೆ ಹೋಗಲಿ, ಆಮೇಲೆ ಎಲ್ಲವನ್ನೂ ಹೇಳಿಬಿಡುತ್ತೇನೆ ಎಂದುಕೊಂಡಳು. ಹೇಳುವುದಿಲ್ಲ ಎಂದು ಆಕೆಗೆ ಗೊತ್ತಿತ್ತು.

ಪಕ್ಕದ ಮಂಚಕ್ಕೆ ಡಂಬಳದ ಹುಚ್ಚಪ್ಪ ಬಂದದ್ದು ಆಗ. ಕಾಲಿಗೆ ಜಾಲಿಮುಳ್ಳು ನೆಟ್ಟು, ಸಕ್ಕರೆ ಕಾಯಿಲೆ ಅದರ ಜೊತೆ ಸೇರಿ, ಎರಡು ಬೆರಳು ಇದ್ದಿಲಾಗಿದ್ದವು. ಆತ ಮಾತು ಕಡಿಮೆಯ ಮನುಷ್ಯ. ಅವನ ಪಾಲಿನದನ್ನೂ ಖಾಸಿಂಸಾಬನೇ ಆಡಿದ. ಬಂದ ದಿನವೇ ತನ್ನ ಕಾಲಿನ ಪುರಾಣ ಬಿಚ್ಚಿದ. ಹುಳಗಳ ಮಾತು, ಕೋರಂ, ಅರಳೆ, ನೀಲಿ ಮುಚ್ಚಳ. ಮಹೆಕ ತಡೆಯಲು ನೋಡಿದಾಗ, "ಆಕಿಗೆ ಸಂಕೋಚ," ಎಂದು ಹುಚ್ಚಪ್ಪನಿಗೆ ತಿಳಿಸಿ ಹೇಳಿದ.

ಮರುದಿನ ಮಧ್ಯಾಹ್ನ ಮಹೆಕ ಚಹಾ ತರಲು ಹೋಗಿ ಮರಳಿದಾಗ ಪಕ್ಕದ ಮಂಚದ ಮೇಲಿನ ಚಾದರ ಮಡಚಿತ್ತು. ಹುಚ್ಚಪ್ಪ ಮಂಚದ ಅಂಚಿಗೆ ಕೂತು ಒಳ್ಳೆಯ ಕಾಲಿಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದ. ಅವನ ಹೆಂಡತಿ ಕಳಕವ್ವ ಬಟ್ಟೆಯ ಗಂಟು ಕಟ್ಟಿ ಮುಗಿಸಿ, ಮಹೆಕಳನ್ನು ಕಂಡು ಹತ್ತಿರ ಬಂದಳು. ಸೆರಗಿನ ಮರೆಯಲ್ಲಿ ಏನನ್ನೋ ಹಿಡಿದಿದ್ದಳು.

"ಅಕ್ಕಾರ, ಒಂದು ಮಾತ ಕೇಳಲ್ರೀ? ಬ್ಯಾಸರ ಮಾಡಕೋಬ್ಯಾಡ್ರಿ."

ಸೆರಗು ಸರಿಸಿದಳು. ಕೆಮ್ಮಿನ ಔಷಧದ ಹಳೆಯ ಬಾಟಲಿ. ಚೀಟಿ ಕಿತ್ತು, ಬೂದಿ ಹಚ್ಚಿ ಬೆಳಗಿದಂತೆ ತೊಳೆದಿದ್ದಳು. ಒಳಗೆ ಇನ್ನೂ ನಾಲ್ಕು ಹನಿ ನೀರು ಅಂಟಿಕೊಂಡಿತ್ತು.

"ಇದರಾಗ ಒಂದೀಟ ಹಾಕಿ ಕೊಡ್ರಿ. ನಾವು ಡಂಬಳಕ್ಕ ಹೊಂಟೀವ್ರಿ. ನಾಳೆ ಕೊಯ್ಯತೀವಿ ಅಂದಾರ, ಇವ್ರು ಒಲ್ಲೆ ಅಂದ್ರು. ಔಷಧ ಇರೂ ಮುಂದ ಯಾಕ ಕೊಯ್ಸಕೋಬೇಕು ಅಂತಾರ್ರಿ."

"ಮದಲ ಕೊಯ್ಸಬೇಕು ಅಂತ ಹೇಳೀನಪಾ ನಾ," ಎಂದ ಖಾಸಿಂಸಾಬ ತನ್ನ ಮಂಚದಿಂದ.

"ನಿಮದು ಭಾಳ ಕೆಟ್ಟಿತ್ತು," ಎಂದ ಹುಚ್ಚಪ್ಪ. "ನಂದು ಎರಡಽ ಬೆರಳು."

"ಅದೂ ಖರೇನಽ." ಖಾಸಿಂಸಾಬ ತಲೆಯಾಡಿಸಿದ. "ಕೊಡವಾ, ಒಂದೀಟ. ಪಾಪ, ಒಕ್ಕಲುತನದವರು. ಕಾಲು ಬೇಕು."

"ಅವ್ವಾರ," ಎಂದಳು ಮಹೆಕ ಕಳಕವ್ವನಿಗೆ, "ಎಲ್ಲೂ ಹೋಗಬ್ಯಾಡ್ರಿ. ಇದು ಔಷಧ ಅಲ್ಲ. ನೀರೈತಿ."

ಕಳಕವ್ವ ಖಾಸಿಂಸಾಬನ ಮುಖ ನೋಡಿದಳು. ಆತ ನಕ್ಕುಬಿಟ್ಟ. "ಹಿಂಗಽ ಅಂತಾಳ್ರೀ ಆಕಿ. ಮಂದಿ ಮುಂದ ಒಪ್ಪಂಗಿಲ್ಲ. ನನಗೂ ಹಿಂಗಽ ಅಂದಿದ್ಳು, ಒಡದ ಹೋಗತೈತಿ, ನಿಲ್ಲಂಗಿಲ್ಲ ಅಂತ. ನೀವು ಬಾಟ್ಲಿ ಹಿಡೀರಿ."

ಕಳಕವ್ವ ಬಾಟಲಿ ಹಿಡಿದಳು. ಹುಚ್ಚಪ್ಪ ಕೆಟ್ಟ ಕಾಲನ್ನು ಕೆಳಗಿಳಿಸಿ ನೆಲವನ್ನು ಹುಡುಕಿದ.

ಮಹೆಕ ನಳಿಕೆ ತೆಗೆದಳು. ನೀಲಿ ಮುಚ್ಚಳ ಬಿಚ್ಚಿ, ಬಾಟಲಿಯ ಬಾಯಿಯ ಹತ್ತಿರ ಚಾಚಿದ್ದ ಕೈಯನ್ನು ಹಿಂದೆ ತಂದು, ಒಳಗಿದ್ದುದನ್ನೆಲ್ಲ ಬಾಯಿಗೆ ಸುರಿದುಕೊಂಡು ನುಂಗಿದಳು. ನಾಲಿಗೆಯ ಮೇಲೆ ತೆಳ್ಳಗೆ ಉಪ್ಪು ಉಳಿಯಿತು.

ಖಾಸಿಂಸಾಬನ ನಗೆ ಮುಖದ ಮೇಲೆ ಇನ್ನೂ ಇತ್ತು. ಒಳಗಿನ ಮನುಷ್ಯ ಮಾತ್ರ ಎದ್ದು ಹೋಗಿದ್ದ.

"ಸಲಾಯಿನ್ ನೀರು," ಎಂದಳು ಆಕೆ. "ಇಲ್ಲೇ ವರಾಂಡದಾಗ ತುಂಬಕೊಂಡಿದ್ದು. ಅವತ್ತಿಂದ ಇದನ್ನಽ ಹಾಕಾಕತ್ತಿದ್ದೆ."

"ಮತ್ತ ನನಗ ತಂಪ ಆಗತಿತ್ತಲ್ಲ," ಎಂದ ಆತ. ಬಹಳ ಮೆಲ್ಲಗೆ, ತನ್ನದೇ ತಪ್ಪಿರಬಹುದು ಎಂಬಂತೆ.

"ನೀರು ತಂಪಽ ಇರತೈತಿ, ದೊಡ್ಡಪ್ಪಾ."

ವಾರ್ಡಿನ ಆ ಕೊನೆಯಲ್ಲಿ ಯಾರೋ ಸ್ಟೀಲಿನ ಡಬ್ಬಿ ಮುಚ್ಚಿದರು. ಖಾಸಿಂಸಾಬ ತನ್ನ ಪಟ್ಟಿ ಕಟ್ಟಿದ ಪಾದವನ್ನು ನೋಡಿಕೊಂಡ. ಆಮೇಲೆ ಕೇಳಿದ:

"ಶಾದಿಮಹಲಿನಾಗ ಹೇಳಿದ್ದು?"

ಆಕೆ ಖಾಲಿ ನಳಿಕೆಗೆ ನೀಲಿ ಮುಚ್ಚಳ ತಿರುವಿದಳು. "ಅದೂ," ಎಂದಳು.

ಆತ ಬೈಯಲಿಲ್ಲ. ಆಕೆಯ ಕಡೆಗೆ ನೋಡಲಿಲ್ಲ. ಪಕ್ಕದ ಮಂಚದ ಕಡೆ ತಿರುಗಿ ಹೇಳಿದ:

"ಹುಚ್ಚಪ್ಪಣ್ಣಾ, ಚಪ್ಪಲಿ ಬಿಡು. ಕೊಯ್ಸು. ನಂದು ಉಳದದ್ದು ಕೊಯ್ಸಿದ್ದಕ್ಕ. ಡಾಕ್ಟರ್ ಬಾಯಾರ ಕೈಗುಣ." ಸ್ವಲ್ಪ ತಡೆದು, "ನಾ ಸುಮ್ನ ಭಾಳ ಮಾತಾಡಿದೆ ನಿನ್ನ ಮುಂದ," ಎಂದ.

ಹುಚ್ಚಪ್ಪ ಹೆಂಡತಿಯ ಮುಖ ನೋಡಿದ. ಕಳಕವ್ವ ಗಂಟನ್ನು ಮಂಚದ ಕೆಳಗೆ ತಳ್ಳಿದಳು. ಕಿಟಕಿಯ ಹತ್ತಿರ ಹೋಗಿ ಬಾಟಲಿಯನ್ನು ಬೋರಲು ಹಿಡಿದು ಆ ನಾಲ್ಕು ಹನಿ ಹೊರಗೆ ಕೊಡವಿ, ಮುಚ್ಚಳ ತಿರುವಿ ಬಿಗಿ ಮಾಡಿದಳು.

ಮಹೆಕ ಚಹಾದ ಲೋಟವನ್ನು ದೊಡ್ಡಪ್ಪನ ಕೈಗೆ ಕೊಡಲು ಹೋದಳು. ಆತ ಅದನ್ನು ತೆಗೆದುಕೊಳ್ಳಲಿಲ್ಲ. ಕೈ ಕೆಳಗೆ ಚಾಚಿ, ಎದೆಯ ಮೇಲಿದ್ದ ಆಸ್ಪತ್ರೆಯ ಚಾದರವನ್ನು ಎರಡೂ ಕೈಯಿಂದ ಪಾದದ ಕಡೆ ಜಗ್ಗತೊಡಗಿದ. ಚಾದರ ಗಿಡ್ಡವಾಗಿತ್ತು. ಪಟ್ಟಿ ಪೂರಾ ಮುಚ್ಚುವ ಹೊತ್ತಿಗೆ ಹೊಟ್ಟೆ, ಎದೆ, ಎದೆಯ ಮೇಲಿನ ಬಿಳಿ ಕೂದಲು ಎಲ್ಲ ಬಯಲಿಗೆ ಬಂದಿದ್ದವು.